ಜಾಗ ಬಿಟ್ಟುಕೊಡುವ ಊರು

ಬಿಡುವನ್ನೂ ಬಿಡುವಿಲ್ಲದೆ ಅನುಭವಿಸುವ ಸ್ವಭಾವ ಕೆಲವರದು. ನಿವೃತ್ತರಾದ ರಾಯರು ಅಂಥವರಲ್ಲೊಬ್ಬರು. ಮಗಳ ಬಾಣಂತನಕ್ಕೆಂದು ದಂಪತಿಗಳು ಮೈಸೂರಿನಿಂದ ವಿಯೆನ್ನಾ ನಗರಕ್ಕೆ ಬಂದು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ರಾಯರು ನಗರದ ಬೀದಿಗಳನ್ನೆಲ್ಲ ಅಳೆದು ಮುಗಿಸಿದ್ದರು. ಅವರ ಮಡದಿ ಕಂಡ ಆಸ್ಟ್ರಿಯವಾದರೋ ಅಡಿಗೆಮನೆಗೂ ತೊಟ್ಟಿಲಿಗೂ ನಡುವಿನದು ಮಾತ್ರ. ಅಮ್ಮನಿಗೆ ಎರಡು ದಿನವಾದರೂ ವಿಶ್ರಾಂತಿ ದೊರೆಯಲೆಂದು ಮಗಳೇ ಹಟಹಿಡಿದು ಇಬ್ಬರನ್ನೂ ಹಾಲ್‌ಸ್ಟಾಟ್ ಎಂಬ ಸರೋವರದ ಹಳ್ಳಿಗೆ ಕಳುಹಿಸಿದಳು.

ಶನಿವಾರ ಅವರು ರೈಲಿನಿಂದ ಇಳಿದಾಗ ಊರು ಕಾಣಿಸಿದ್ದು ನೀರಿನ ಆಚೆಯ ದಡದಲ್ಲಿ. ನಿಲ್ದಾಣದಿಂದ ಊರಿಗೆ ದೋಣಿಯಲ್ಲೇ ದಾಟಬೇಕು. ಕಡಿದಾದ ಬೆಟ್ಟದ ಬುಡದಲ್ಲಿ ಮರದ ಮನೆಗಳು ಒಂದರ ಮೇಲೊಂದು ನಿಂತಿದ್ದವು.

“ನವರಾತ್ರಿಯ ಬೊಂಬೆ ಕೂರಿಸಿದ ಹಾಗಿದೆ, ನೋಡಿ!” ಎಂದರು ಮಡದಿ. ರಾಯರು ನೋಡಲಿಲ್ಲ, ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಓದುತ್ತಿದ್ದರು.

ಪಟ್ಟಿಯೇನೂ ಸಣ್ಣದಲ್ಲ. ಸಾವಿರಾರು ವರ್ಷಗಳಿಂದ ಉಪ್ಪು ತೆಗೆದ ಬೆಟ್ಟವದು. 1846ರಲ್ಲಿ ಅಲ್ಲಿ ಆರಂಭವಾದ ಉತ್ಖನನದಲ್ಲಿ ಸಿಕ್ಕ ಪ್ರಾಚೀನ ಸಮಾಧಿಗಳಿಂದಾಗಿ, ಯೂರೋಪಿನ ಕಬ್ಬಿಣಯುಗದ ಒಂದು ಘಟ್ಟಕ್ಕೇ ಈ ಊರಿನ ಹೆಸರು ಬಂದಿದೆ. 1890ರವರೆಗೆ ಊರಿಗೆ ಸರಿಯಾದ ರಸ್ತೆಯೂ ಇರಲಿಲ್ಲ. ದೋಣಿ, ಇಲ್ಲವೇ ಕಾಲುದಾರಿ. ಈಗಲೋ, ಎಂಟುನೂರು ಜನರೂ ಇಲ್ಲದ ಹಳ್ಳಿಗೆ ಬೇಸಗೆಯಲ್ಲಿ ಕೆಲವು ದಿನ 10,000 ಮಂದಿ ಬರುವುದುಂಟು. 2023ರಲ್ಲಿ ಫೋಟೋ ತೆಗೆಯುವವರ ಗುಂಪನ್ನು ತಡೆಯಲು ಊರವರು ಒಂದೆಡೆ ಮರದ ಬೇಲಿಯನ್ನೇ ಕಟ್ಟಿ, ಆಕ್ಷೇಪಗಳೆದ್ದ ಮೇಲೆ ತೆಗೆದುಹಾಕಿದ್ದರು.

ಆ ಮಧ್ಯಾಹ್ನವೂ ಇಕ್ಕಟ್ಟಾದ ಬೀದಿಯಲ್ಲಿ ಜನಜಾತ್ರೆ. ಅದರ ನಡುವೆ ರಾಯರು ಗಡಿಯಾರ ನೋಡುತ್ತ ಮುಂದೆ. ಮಡದಿ ಮೊಣಕಾಲು ಹಿಡಿದುಕೊಂಡು ಹಿಂದೆ. “ನಾನು ಈ ನೀರಿನ ಬಳಿ ಸ್ವಲ್ಪ ಕೂತಿರುತ್ತೇನೆ, ನೀವು ಹೋಗಿ ಬನ್ನಿ” ಎಂದು ಆಕೆ ಎರಡು ಸಲ ಕೇಳಿದರು. “ಇಷ್ಟು ದೂರ ಬಂದು ಕೂರುವುದೇ?” ಎಂದು ರಾಯರು ಎರಡು ಸಲವೂ ಎಬ್ಬಿಸಿದರು.

ಹೀಗೆ ಮೆಟ್ಟಿಲು ಹತ್ತಿ ಇಬ್ಬರೂ ಇಗರ್ಜಿಯ ಪಕ್ಕದ ಅಸ್ಥಿಗೃಹಕ್ಕೆ ಬಂದರು. ಬೆಟ್ಟಕ್ಕೂ ನೀರಿಗೂ ನಡುವೆ ಸಿಕ್ಕಿಕೊಂಡ ಊರಿನಲ್ಲಿ ಸ್ಮಶಾನಕ್ಕೂ ಸ್ಥಳವಿಲ್ಲ. ಆದುದರಿಂದ ಹಿಂದೆ ಕೆಲವು ವರ್ಷಗಳಾದ ಮೇಲೆ ಗೋರಿಯನ್ನು ತೆರೆದು, ಎಲುಬುಗಳನ್ನು ತೆಗೆದು, ಹೊಸಬರಿಗೆ ಎಡೆಮಾಡುತ್ತಿದ್ದರು. ತಲೆಬುರುಡೆಯನ್ನು ಬಿಸಿಲಿಗೆ ಬೆಳ್ಳಗಾಗಿಸಿ, ಅದರ ಮೇಲೆ ಹೆಸರನ್ನೂ ಹೂವು-ಎಲೆಗಳ ಮಾಲೆಯನ್ನೂ ಬರೆದು ಇಲ್ಲಿ ಜೋಡಿಸಿಡುತ್ತಿದ್ದರು. ಅಂಥ ಚಿತ್ರಿತ ಬುರುಡೆಗಳು ಆರುನೂರಕ್ಕೂ ಹೆಚ್ಚು. ಹೆದರಿಯಾಳೆಂದು ರಾಯರು ಮಡದಿಯತ್ತ ತಿರುಗಿದರು. ಆಕೆ ಶಾಂತವಾಗಿ ನೋಡುತ್ತಿದ್ದರು.

“ಪಾಪ, ಸತ್ತವರು ಕೂಡ ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟಿದ್ದಾರೆ” ಎಂದರು.

ಮಾತು ಬುರುಡೆಗಳನ್ನು ಕುರಿತದ್ದೇ. ಆದರೂ ರಾಯರಿಗೆ ಅದು ಎಲ್ಲಿಯೋ ನಾಟಿತು. ಮೂವತ್ತೆಂಟು ವರ್ಷಗಳ ಸಂಸಾರದಲ್ಲಿ ಕಾಫಿಗೆ ಒಂದು ಹೊತ್ತು, ಊಟಕ್ಕೆ ಒಂದು ಹೊತ್ತು, ಬಂದವರಿಗೆ ಒಂದು ಹೊತ್ತು. ಆಕೆಯದೇ ಎಂದು ಹೇಳಬಹುದಾದ ಹೊತ್ತು ಯಾವುದು? ನೆನಪಿಗೆ ಬರಲಿಲ್ಲ. ಅವರು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟರು.

ಸಂಜೆ ಬಂದವರೆಲ್ಲ ಹಿಂದಿರುಗಿದರು. ಬೀದಿ ಬರಿದಾಯಿತು. ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನೀರಿನವರೆಗೂ ಕೇಳಿಸಿತು. ಊರು ಮತ್ತೆ ಊರವರದಾಯಿತು.

ಭಾನುವಾರ ಬೆಳಗಾಗುವ ಮೊದಲೇ ಮಡದಿ ಶಾಲು ಹೊದ್ದು ದಡದ ಬೆಂಚಿನ ಮೇಲೆ ಕುಳಿತಿದ್ದರು. ಮಂಜು ಮೆಲ್ಲನೆ ಮೇಲೆದ್ದಿತು. ಎರಡು ಹಂಸಗಳು ತೇಲಿಹೋದವು. ಉಪ್ಪಿನ ಗಣಿಯನ್ನು ನೋಡದೆಯೇ ಹೋಗುವುದೇ ಎಂಬ ಪ್ರಶ್ನೆ ರಾಯರ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. ಹತ್ತಿರದ ಅಂಗಡಿ ತೆರೆದೊಡನೆ ತಾವೇ ಹೋಗಿ ಎರಡು ಲೋಟ ಕಾಫಿ ತಂದು, ಒಂದನ್ನು ಆಕೆಯ ಪಕ್ಕದಲ್ಲಿಟ್ಟರು. ಬೆಂಚಿನ ಇನ್ನೊಂದು ತುದಿಯಲ್ಲಿ, ಮಾತನಾಡದೆ, ಕುಳಿತರು.

ಕಾಫಿ ತೀರ ಕಹಿಯಾಗಿತ್ತು. ಆಕೆ ಪೂರ್ತಿ ಕುಡಿದರು.