ಅಳತೆ ಯಾರ ಕೈಯಲ್ಲಿ

ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುವವರನ್ನು, ಉಲ್ಲನ್ ತಂದು ಸ್ವೆಟರ್ ಹೆಣೆಯುವವರನ್ನು ನಾವು ಹೊಗಳುವ ರೀತಿ ವಿಚಿತ್ರವಾಗಿದೆ. ‘ಎಷ್ಟು ತಾಳ್ಮೆ ನಿಮಗೆ!’ ಅನ್ನುತ್ತೇವೆ. ‘ಅಂಗಡಿಯದರ ಹಾಗೇ ಇದೆ’ ಅಂದುಬಿಟ್ಟರಂತೂ ಅದಕ್ಕಿಂತ ದೊಡ್ಡ ಬಿರುದಿಲ್ಲ. ಚಿತ್ರ ಬರೆದವರಿಗೆ ಹೀಗೆ ಯಾರೂ ತಾಳ್ಮೆಯ ಸರ್ಟಿಫಿಕೇಟು ಕೊಡುವುದಿಲ್ಲ; ಕೊಟ್ಟರೆ ಅವರು ಮುನಿಸಿಕೊಂಡಾರು. ಹೊಲಿಗೆ ಹೆಣಿಗೆಗಳನ್ನು ಕೈಕೆಲಸವೆಂದು ಮೆಚ್ಚುವ ನಾವು ಸೃಷ್ಟಿಯೆಂದು ಒಪ್ಪಲು ಹಿಂಜರಿಯುತ್ತೇವೆ. ಬೆರಳಿನ ನಯವನ್ನೋ ಯಾರೂ ಕಾಣದ ವಿನ್ಯಾಸವನ್ನೋ ಹುಡುಕುತ್ತ ಹೋಗುವುದರಿಂದ ಹೀಗಾಗುತ್ತದೆ ಎಂದು ನನ್ನ ಊಹೆ. ಬಟ್ಟೆ ಎಲ್ಲಿ ಮೈಗೆ ಹತ್ತಬೇಕು, ಎಲ್ಲಿ ಸಡಿಲವಾಗಿರಬೇಕು, ಎಲ್ಲಿಗೆ ಮುಗಿಯಬೇಕು ಎಂದು ತೀರ್ಮಾನಿಸುವವರು ಯಾರು? ಬಟ್ಟೆಯ ಮಟ್ಟಿಗೆ ಸೃಜನಶೀಲತೆಯನ್ನು ಅಳೆಯಲು ಈ ಒಂದು ಪ್ರಶ್ನೆ ಸಾಕು.

ನಮ್ಮಲ್ಲಿ ಆ ತೀರ್ಮಾನ ಬಹುಕಾಲ ಉಡುವವರದೇ ಆಗಿತ್ತು. ಸೀರೆಗೆ, ಪಂಚೆಗೆ ಸೈಜು ಎಂಬುದಿಲ್ಲ. ಇಳಕಲ್ ಸೀರೆಯನ್ನು ಹೊಲದ ಕೆಲಸಕ್ಕೆ ಕಚ್ಚೆ ಹಾಕಿ ಉಡಬಹುದು, ಜಾತ್ರೆಗೆ ನೆರಿಗೆ ಇಳಿಬಿಟ್ಟು ಉಡಬಹುದು. ಕೊಡಗಿನ ಹೆಂಗಸರು ನೆರಿಗೆಯನ್ನು ಬೆನ್ನಿನ ಕಡೆಗೆ ಒಯ್ಯುತ್ತಾರೆ. ಎತ್ತರದವಳು, ಗಿಡ್ಡಿ, ಬಸುರಿ, ಬಾಣಂತಿ ಎಲ್ಲರಿಗೂ ಅದೇ ಬಟ್ಟೆ ಒದಗುತ್ತದೆ. ರವಿಕೆ ಬಂದಾಗ ಅಧಿಕಾರದ ಒಂದು ಪಾಲು ದರ್ಜಿಗೆ ಹೋಯಿತು, ಆದರೆ ಪೂರ್ತಿ ಹೋಗಲಿಲ್ಲ. ಗುಳೇದಗುಡ್ಡದ ಖಣ ತುಂಡು ಬಟ್ಟೆಯಾಗಿ ಬರುತ್ತದೆ. ಅದನ್ನು ಕುಪ್ಪಸ ಮಾಡಿಸಬೇಕಾದರೆ ಅಳತೆ ರವಿಕೆ ಹಿಡಿದು ಹೋಗಿ, ಕಂಕುಳಲ್ಲಿ ಬಿಗಿ ಬೇಡ, ತೋಳು ಇಷ್ಟೇ ಇರಲಿ ಎಂದು ವಾದ ಮಾಡಬೇಕು. ಸಿದ್ಧ ಉಡುಪಿನ ಅಂಗಡಿಯಲ್ಲಿ ಆ ವಾದಕ್ಕೆ ಎದುರಾಳಿಯೇ ಇಲ್ಲ. ಎಸ್, ಎಂ, ಎಲ್, ಎಕ್ಸೆಲ್ ಎಂದು ಜನರನ್ನು ಮೊದಲೇ ವಿಂಗಡಿಸಿ ಇಟ್ಟಿರುತ್ತಾರೆ. ಅಂಗಿ ಹಿಡಿಸದಿದ್ದರೆ ತಪ್ಪು ಮೈಯದು.

ಹೊಲಿಗೆ ಬಂದರೆ ಸಾಕು, ಸೃಜನಶೀಲತೆ ಬೆನ್ನಿಗೇ ಬರುತ್ತದೆ ಅನ್ನುವವರು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳನ್ನು ನೆನೆಯಬೇಕು. ಅಲ್ಲಿ ಒಬ್ಬಳು ದಿನವಿಡೀ ಕಾಲರ್ ಹೊಲಿಯುತ್ತಾಳೆ, ಪಕ್ಕದವಳು ಕಫ್, ಅದರಾಚೆಯವಳು ಜೇಬು. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ತಲೆಯ ಮೇಲೆ. ಅವರ ಕೈಯ ವೇಗವಾಗಲಿ ಹೊಲಿಗೆಯ ನೇರವಾಗಲಿ ಹವ್ಯಾಸಕ್ಕೆ ಹೊಲಿಯುವವರಿಗೆ ಬರುವಂಥದಲ್ಲ. ಆದರೂ ಕಾಲರ್ ಕಾಲಿಂಚು ಅಗಲವಾದರೆ ಚೆಂದ ಎಂದು ಅವರಲ್ಲೊಬ್ಬಳಿಗೆ ತೋರಿದರೆ ಅದನ್ನು ಕೇಳುವ ಕಿವಿ ಆ ಕಟ್ಟಡದಲ್ಲಿಲ್ಲ. ಅಳತೆ ಕಡಲಾಚೆಯಿಂದ ಬಂದಿದೆ. ಈ ನಾಡಿನಲ್ಲಿ ಅತಿ ಹೆಚ್ಚು ಬಟ್ಟೆ ಹೊಲಿಯುವವರಿಗೆ ಬಟ್ಟೆಯ ಮೇಲೆ ಅತಿ ಕಡಿಮೆ ಮಾತು. ಇದಕ್ಕೆ ಯಂತ್ರವನ್ನು ದೂರುವಂತಿಲ್ಲ. ಯಂತ್ರಗಳ ವಿರುದ್ಧ ಅಷ್ಟು ಬರೆದ ಗಾಂಧೀಜಿಯೇ 1924ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಬಂದ ಸಂಭಾಷಣೆಯೊಂದರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂದು ಅವರ ನಂಬಿಕೆ. (ಒಂದಕ್ಕಿಂತ ಹೆಚ್ಚು ಸಂಸಾರ ಹೂಡಿದ್ದ ಆ ಮಹಾಶಯನ ಚರಿತ್ರೆ ಓದಿದವರಿಗೆ ಇಲ್ಲಿ ನಗು ಬರುತ್ತದೆ.) ಕಥೆ ಹೇಗೇ ಇರಲಿ, ಮನೆಯ ಮೂಲೆಯ ಯಂತ್ರದ ಮುಂದೆ ಕುಳಿತವಳು ಕಾಲರ್ ಅಗಲ ಮಾಡಬಲ್ಲಳು, ಬೇಡವೆನಿಸಿದರೆ ಕಿತ್ತುಹಾಕಬಲ್ಲಳು.

ಪುಸ್ತಕದ ಪ್ಯಾಟರ್ನ್ ನೋಡಿಕೊಂಡು, ಅಲ್ಲಿ ಬರೆದಷ್ಟು ಕುಣಿಕೆ ಹಾಕಿ ಹೆಣೆದರೆ ಅದು ನಕಲಲ್ಲವೇ ಎಂಬ ಆಕ್ಷೇಪವಿದೆ. ಹೆಣೆಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ನಕಲು ಎಷ್ಟು ಕಷ್ಟವೆಂದು ತಿಳಿಯುತ್ತದೆ. ಹೊಲಿಗೆಗೆ ಬಟ್ಟೆ ಮೊದಲೇ ಸಿದ್ಧವಿರುತ್ತದೆ; ಹೆಣಿಗೆಯಲ್ಲಿ ಬಟ್ಟೆಯೂ ಉಡುಪೂ ಒಂದೇ ಎಳೆಯಿಂದ ಒಟ್ಟಿಗೇ ಹುಟ್ಟುತ್ತವೆ, ಕುಣಿಕೆ ಹೆಚ್ಚಿಸಿದರೆ ಅಗಲ, ಕಳೆದರೆ ಕಿರಿದು. ಕೈಯ ಬಿಗಿ ಒಬ್ಬರದು ಇನ್ನೊಬ್ಬರಿಗಿಲ್ಲ. 10 ಸೆಂಟಿಮೀಟರಿಗೆ 20 ಕುಣಿಕೆ ಬರುವ ಕೈಯಲ್ಲಿ 200 ಕುಣಿಕೆಯ ಸ್ವೆಟರಿನ ಸುತ್ತಳತೆ 100 ಸೆಂಟಿಮೀಟರ್. 22 ಬರುವ ಬಿಗಿ ಕೈಯಲ್ಲಿ ಅದೇ 200 ಕುಣಿಕೆ 91ಕ್ಕೆ ಇಳಿಯುತ್ತದೆ. ಪುಸ್ತಕವನ್ನು ಅಕ್ಷರಶಃ ನಂಬಿದವರ ಸ್ವೆಟರು ತಮ್ಮನಿಗೆ ಆಗುತ್ತದೆ. ಅದಕ್ಕೇ ಬಲ್ಲವರು ಮೊದಲು ಅಂಗೈಯಗಲದ ತುಂಡೊಂದನ್ನು ಹೆಣೆದು ಎಣಿಸುತ್ತಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹೆಣಿಗೆಯ ಲೇಖಕಿ ಎಲಿಜಬೆತ್ ಝಿಮ್ಮರ್‌ಮನ್ ಓದುಗರಿಗೆ ಸಿದ್ಧ ಸಂಖ್ಯೆಗಳ ಬದಲು ಪ್ರಮಾಣವನ್ನು ಕಲಿಸಿದರು. ಮೈಸುತ್ತಿನ ಕುಣಿಕೆಗಳನ್ನು ನೂರು ಎಂದು ಹಿಡಿದರೆ ಮಣಿಕಟ್ಟಿಗೆ ಸುಮಾರು ಐದನೇ ಒಂದು ಪಾಲು, ಮೇಲ್ದೋಳಿಗೆ ಮೂರನೇ ಒಂದರಷ್ಟು. ಮಿಕ್ಕದ್ದನ್ನು ನಿಮ್ಮ ಕೈ, ನಿಮ್ಮ ಉಲ್ಲನ್, ನಿಮ್ಮ ಮೈ ನೋಡಿ ಲೆಕ್ಕ ಹಾಕಿಕೊಳ್ಳಿ ಎಂಬ ಧಾಟಿ. ಹೊಸದನ್ನು ಕಂಡುಹಿಡಿದೆ ಅನ್ನಲು ಆಕೆಗೆ ಸಂಕೋಚ. ಇಷ್ಟು ಜನ ಇಷ್ಟು ಕಾಲದಿಂದ ಹೆಣೆಯುತ್ತಿರುವಾಗ ಅದು ಬೇರೆ ಯಾರಿಗೋ ಮೊದಲೇ ಹೊಳೆದಿದ್ದೀತು ಎಂಬ ನಿಲುವು. ನಮ್ಮ ಕಸೂತಿಯೂ ಇದೇ ಮಾತನ್ನು ಬಲಪಡಿಸುತ್ತದೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯೆ ಎಂದು ನಾಲ್ಕೇ ಬಗೆಯ ಹೊಲಿಗೆ. ಗೋಪುರ, ತೇರು, ಆನೆ, ತುಳಸಿ ವೃಂದಾವನ ಎಲ್ಲ ಹಳೆಯವೇ, ಯಾರ ಸ್ವತ್ತೂ ಅಲ್ಲ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ ಎಳೆ ಎಣಿಸಿಯೇ ಸೂಜಿ ಹಾಕುವುದರಿಂದ, ನೇಯ್ಗೆ ಬದಲಾದರೆ ಆನೆಯ ಗಾತ್ರವೂ ಬದಲಾಗುತ್ತದೆ, ಎಷ್ಟು ಆನೆ, ಎಷ್ಟು ಬಯಲು ಎಂಬುದನ್ನು ಹೊಸದಾಗಿ ಯೋಚಿಸಬೇಕಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಂಗಸರ ಕಡೆಯಿಂದ ಬರುತ್ತದೆ. ಹೆಣ್ಣು ನೋಡಲು ಬಂದವರೆದುರು ಹುಡುಗಿ ಹಾಕಿದ ಕಸೂತಿಯ ಮೇಜುಹಾಸನ್ನು ಹರಡುತ್ತಿದ್ದ ಕಾಲವೊಂದಿತ್ತು. ಹೊಲಿಗೆ ಆಗ ಲಗ್ನದ ಅರ್ಹತೆ. ಅದನ್ನೀಗ ಕಲೆಯೆಂದು ಕೊಂಡಾಡಿದರೆ ಹಳೆಯ ಬಿಟ್ಟಿ ಚಾಕರಿಗೆ ಹೂ ಮುಡಿಸಿದಂತಲ್ಲವೇ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ತೀರ್ಮಾನ ಯಾರದು ಎಂಬ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ: ಹೊಲಿಯುವುದಿಲ್ಲ ಎನ್ನುವ ಹಕ್ಕಿಲ್ಲದವಳಿಗೆ ಬಣ್ಣ ಆರಿಸುವ ಹಕ್ಕು ಅರೆಪಾವು ಸ್ವಾತಂತ್ರ್ಯವೇ ಸರಿ. ಗಂಡಸರೂ ಹೆಣಿಗೆಯ ಕಡ್ಡಿ ಹಿಡಿಯುವಂತಾದರೆ ಈ ಹೊರೆ ಇನ್ನಷ್ಟು ಬೇಗ ಇಳಿದೀತು.

ಖರ್ಚಿನ ಮಾತು ಬಂದರೆ ಹೆಚ್ಚು ಜಗಳವಾಡಲಾರೆ. ಒಳ್ಳೆಯ ಉಲ್ಲನ್ ಕೊಳ್ಳುವ ದುಡ್ಡಿಗೆ ಅಂಗಡಿಯಲ್ಲಿ ಸ್ವೆಟರೇ ಸಿಗುತ್ತದೆ, ಹೆಣೆಯಲು ಬಿಡುವೂ ಬೇಕು, ಎರಡೂ ಎಲ್ಲರಿಗಿಲ್ಲ. ಮನೆಯಲ್ಲಿ ಹೊಲಿದುಕೊಳ್ಳುವುದರಿಂದ ಕಾರ್ಖಾನೆಯ ಹೆಂಗಸಿನ ಕೂಲಿ ಒಂದು ರೂಪಾಯಿಯೂ ಏರುವುದಿಲ್ಲ. ಅಗ್ಗದ ಅಂಗಿ ಯಾಕೆ ಅಗ್ಗವೆಂದು ತಿಳಿದೀತು, ಅಷ್ಟೆ. ಆದರೆ ಲೆಕ್ಕ ಹಾಕುವವರು ಕೊಂಡ ದಿನಕ್ಕೇ ಲೆಕ್ಕ ಮುಗಿಸುತ್ತಾರೆ. ಸಿದ್ಧ ಉಡುಪನ್ನು ಒಳಮಗ್ಗುಲಾಗಿ ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಹೊಲಿಗೆಯಾಚೆ ಬಿಚ್ಚಿಕೊಳ್ಳಲು ಬಟ್ಟೆ ಉಳಿದಿರುವುದಿಲ್ಲ. ಮನೆಗಾಗಿ ಹೊಲಿಯುವವರು ಬೆಳೆಯುವ ಹುಡುಗಿಯ ಲಂಗಕ್ಕೆ ಕೆಳಗೆ ಮಡಿಕೆ ಹಿಡಿಯುತ್ತಾರೆ, ರವಿಕೆಯ ಒಳಗೆ ಒಂದಿಂಚು ಬಟ್ಟೆ ಬಿಡುತ್ತಾರೆ. ಮೈ ಬೆಳೆದಂತೆ ಹೊಲಿಗೆ ಸರಿಯುತ್ತದೆ. ಕೈಹೆಣಿಗೆಯ ಸ್ವೆಟರಂತೂ ಮೊಣಕೈ ಸವೆದ ಮೇಲೆ ಇಡಿಯಾಗಿ ಬಿಚ್ಚಿಕೊಳ್ಳುತ್ತದೆ. ಸುರುಟಿಕೊಂಡ ಎಳೆಯನ್ನು ಲಡಿ ಸುತ್ತಿ, ನೆನೆಸಿ, ಸಣ್ಣ ಭಾರ ಕಟ್ಟಿ ಒಣಗಿಸಿದರೆ ನೇರವಾಗುತ್ತದೆ. ಸವೆದ ಭಾಗ ತೆಗೆದರೂ ಮಗುವಿಗೊಂದು ತೋಳಿಲ್ಲದ ಸ್ವೆಟರಿಗೆ ಸಾಕಾಗುವಷ್ಟು ಉಲ್ಲನ್ ಉಳಿದಿರುತ್ತದೆ. ಕುತ್ತಿಗೆ ದುಂಡಗಿರಲೋ ವಿ ಆಕಾರವೋ ಎಂಬುದನ್ನು ಮಗುವಿಗೆ ಮಾತು ಬಂದಿದ್ದರೆ ಅದನ್ನೇ ಕೇಳಬಹುದು.