20,000 ಸಂಬಳ ಅಂದ್ರೆ ನಿಜಕ್ಕೂ ಎಷ್ಟು?

ಇವತ್ತು ಪೀಣ್ಯದಲ್ಲಿ ಗೆಳೆಯನ ವರ್ಕ್‌ಶಾಪ್‌ಗೆ ಹೋಗಿದ್ದೆ. ಹೊಸದಾಗಿ ಸೇರುವ ಲೇತ್ ಆಪರೇಟರ್‌ಗೆ ತಿಂಗಳಿಗೆ 20,000 ಅಂತ ಮಾತಾಗಿತ್ತು. ಅಕೌಂಟೆಂಟ್ ಎದುರಿಗೇ ಕೂತು ಲೆಕ್ಕ ಹಾಕಿದ್ರು.

ಅದರಲ್ಲಿ ಬೇಸಿಕ್, ಡಿಎ ಸೇರಿ 15,000. ಅದರ ಮೇಲೆ ಮಾಲೀಕರ ಪಾಲಿನ ಪಿಎಫ್ ಶೇ. 12, ಅಂದ್ರೆ 1,800. ಪಿಎಫ್ ವಿಮೆ, ಆಡಳಿತ ಶುಲ್ಕ 150. ಪೂರ್ತಿ ಸಂಬಳದ ಮೇಲೆ ಇಎಸ್‌ಐ ಶೇ. 3.25, ಅಂದ್ರೆ 650. ಬೋನಸ್‌ಗೆ ಸುಮಾರು 1,250, ಗ್ರ್ಯಾಚುಟಿಗೆ 720 ಎತ್ತಿಡಬೇಕು. 20,000 ಸಂಬಳವೂ ಸೇರಿ ಮಾಲೀಕರಿಗೆ ಒಟ್ಟು 24,570! ಹುಡುಗನ ಕೈಗೆ ಬರೋದು ಅವನ ಪಾಲಿನ ಪಿಎಫ್ 1,800, ಇಎಸ್‌ಐ 150 ಕಳೆದು 18,050.

ನಡುವಿನ ಆರೂವರೆ ಸಾವಿರದಲ್ಲಿ ಬಹುಪಾಲು ಅವನದೇ ದುಡ್ಡು. ನಾಳೆಯ ಪಿಂಚಣಿ, ಮನೆಯವರ ಆಸ್ಪತ್ರೆ ಖರ್ಚು, ಕೆಲಸ ಬಿಟ್ಟಾಗ ಸಿಗೋ ಗಂಟು. ಆದ್ರೆ ಎಷ್ಟೋ ಕಡೆ ಸಂಬಳದ ಚೀಟಿಯಲ್ಲಿ ಕಡಿತ ಮಾತ್ರ ಕಾಣುತ್ತೆ, ಮಾಲೀಕರು ಕಟ್ಟಿದ್ದು ಕಾಣಲ್ಲ. ಅದಕ್ಕೇ 'ಪಿಎಫ್ ಬೇಡ ಸಾರ್, ಕೈಗೇ ಕೊಟ್ಬಿಡಿ' ಅನ್ನೋ ಮಾತು ಬರೋದು. ಮಾಲೀಕರು ಅದಕ್ಕೆ ಹೂಂ ಅಂದ್ರೆ ಕೊನೆಗೆ ನಷ್ಟ ಆಗೋದು ಕೆಲಸಗಾರನಿಗೇ.

ಸಂಬಳದ ಚೀಟಿಯಲ್ಲಿ ಎರಡೂ ಕಡೆಯ ಲೆಕ್ಕ ಇರಲೇಬೇಕು ಅಂತ ನನಗನ್ನಿಸುತ್ತೆ. ಇಬ್ಬರ ನಡುವಿನ ಅರ್ಧ ಮನಸ್ತಾಪ ಅಲ್ಲೇ ಕಮ್ಮಿಯಾಗುತ್ತೆ. ನಿಮ್ಮ ಚೀಟಿಯಲ್ಲಿ ಕಂಪನಿ ಕಟ್ಟಿದ ಪಾಲು ಕಾಣುತ್ತಾ? ನೋಡಿ ಹೇಳಿ.