ಮಾಳಿಗೆಯ ಮೇಲಿನ ಐವರು

ನಮ್ಮ ಮನೆಯ ಮಾಳಿಗೆಯ ಮೇಲಿನ ಖೋಲಿಯಲ್ಲಿ ಹೋದ ವರ್ಷ ಐದು ಜನ ಹುಡುಗರಿದ್ದರು. ಎಂಜಿನಿಯರಿಂಗಿನ ಕೊನೆಯ ವರ್ಷದ ವಿದ್ಯಾರ್ಥಿಗಳು. ನಿಡಸೋಸಿಯಂಥ ಊರಿನಲ್ಲಿ ಕನ್ನಡ ಕಲಿಸಿ ಬದುಕುವವನಿಗೆ ಒಂದು ಖೋಲಿಯ ಬಾಡಿಗೆ ಬಂದರೆ ಬೇಡವೇ? ಆದರೆ ಬಾಡಿಗೆಯ ಜೊತೆಗೆ ಅವರ ಜಗಳವನ್ನೂ ಕೇಳಬೇಕೆಂಬ ಕರಾರು ಇರುವುದು ನನಗೆ ತಿಳಿದದ್ದು ದಸರೆಯ ಹೊತ್ತಿಗೆ. ರಾತ್ರಿ ಹನ್ನೊಂದಾದರೂ ತಲೆಯ ಮೇಲೆ ಕುರ್ಚಿ ಎಳೆದಾಡುವ ಸದ್ದು, ‘ನಿನ್ನಿಂದ ತಡ, ನನ್ನಿಂದಲ್ಲ’ ಎಂಬ ಕೂಗು.

ಅವರು ಕೈಗೆತ್ತಿಕೊಂಡ ಕೆಲಸವೇನೋ ಒಳ್ಳೆಯದೇ. ಕಬ್ಬು ಕಡಿಯುವ ಸರದಿ ಯಾವಾಗ ಬಂದೀತೆಂದು ರೈತನಿಗೆ ಮೊಬೈಲಿನಲ್ಲಿ ತಿಳಿಸುವ ತಂತ್ರಾಂಶ. ನಮ್ಮ ಕಡೆ ಇದರ ಬೆಲೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಡಿತ ತಡವಾದರೆ ನಿಂತ ಕಬ್ಬು ಹಗುರಾಗುತ್ತದೆ. ಕಡಿದ ಮೇಲೆ ಗಾಡಿ ಬಾರದಿದ್ದರೆ ಬಿದ್ದಲ್ಲೇ ಒಣಗುತ್ತದೆ. ಹುಡುಗರು ಕೆಲಸವನ್ನು ಐದು ಪಾಲು ಮಾಡಿ ಹಂಚಿಕೊಂಡಿದ್ದರು. ಮೂರು ತಿಂಗಳಾದ ಮೇಲೆ ಅದು ಐದು ತಲೆಗಳಲ್ಲಿತ್ತು, ಹೊರಗೆ ಎಲ್ಲಿಯೂ ಇರಲಿಲ್ಲ.

ದೀಪಾವಳಿಗೆ ನನ್ನ ಹಳೆಯ ಶಿಷ್ಯನೊಬ್ಬ ಸಂಕೇಶ್ವರದ ತನ್ನ ಮನೆಗೆ ಬಂದವನು ನನ್ನನ್ನೂ ನೋಡಿಹೋಗಲು ಬಂದ. ಕನ್ನಡದ ತಾಸಿನಲ್ಲಿ ಗಣಿತದ ಲೆಕ್ಕ ಬಿಡಿಸುತ್ತ ಸಿಕ್ಕಿಬೀಳುತ್ತಿದ್ದ ಪುಣ್ಯಾತ್ಮ. ಈಗ ಬೆಂಗಳೂರಿನಲ್ಲಿ ‘ಅಜೈಲ್ ಕೋಚ್’ ಅಂತೆ.

“ಕೋಚ್ ಅಂದರ ಕಬಡ್ಡಿ ಕಲಸಾವೇನಪಾ?” ಎಂದೆ.

“ಹೆಚ್ಚು ಕಡಿಮಿ ಹಂಗs ರೀ ಸರ್. ಆದರ ನಾ ಆಡಂಗಿಲ್ಲ, ಆಡಸಂಗೂ ಇಲ್ಲ.”

ಹಾಗಾದರೆ ಸಂಬಳ ಯಾತಕ್ಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವನೇ ಬಿಡಿಸಿ ಹೇಳಿದ. 2001ರ ಫೆಬ್ರುವರಿಯಲ್ಲಿ ಅಮೇರಿಕದ ಯೂಟಾ ಸಂಸ್ಥಾನದ ಹಿಮದ ಬೆಟ್ಟವೊಂದರ ಮೇಲೆ ತಂತ್ರಾಂಶ ಬರೆಯುವ ಹದಿನೇಳು ಜನ ಸೇರಿ ಒಂದು ಪುಟ್ಟ ಘೋಷಣೆಯನ್ನು ಬರೆದರಂತೆ. ದಪ್ಪ ದಪ್ಪ ಯೋಜನೆಗಳನ್ನು ನೆಚ್ಚಿ ಕೂಡದೆ, ನಡೆಯುವಂಥದೇನನ್ನಾದರೂ ಬೇಗ ಮಾಡಿ ಗಿರಾಕಿಯ ಕೈಗೆ ಕೊಡಿ, ಅವನ ಮಾತು ಕೇಳಿ ತಿದ್ದಿಕೊಳ್ಳಿ ಎಂಬುದು ಅದರ ತಿರುಳು. ಅದರ ಜೊತೆಗಿರುವ ಹನ್ನೆರಡು ಸೂತ್ರಗಳಲ್ಲಿ ಕಡೆಯದು, ತಂಡವು ಆಗಾಗ ನಿಂತು ತನ್ನ ನಡೆಯನ್ನೇ ತಾನು ನೋಡಿಕೊಳ್ಳಬೇಕೆಂಬುದು. ತನ್ನ ಅನ್ನ ಹುಟ್ಟುವುದು ಆ ಒಂದು ಸೂತ್ರದಿಂದ ಎಂದು ನಕ್ಕ. ಅಷ್ಟರಲ್ಲಿ ಮೇಲೆ ಕುರ್ಚಿ ಎಳೆದ ಸದ್ದಾಯಿತು. ಇಬ್ಬರೂ ಮಾಳಿಗೆ ಹತ್ತಿದೆವು.

ಅವನು ಉಪನ್ಯಾಸ ಮಾಡುವನೆಂದು ನಾನು ಕಾದು ಕುಳಿತೆ. ಮಾಡಲಿಲ್ಲ. ಹುಡುಗರ ಕೈಯಿಂದಲೇ ಚೀಟಿ ಬರೆಸಿ ಗೋಡೆಗೆ ಮೂರು ಸಾಲಾಗಿ ಅಂಟಿಸಿದ: ಮಾಡಬೇಕಾದದ್ದು, ನಡೆದಿರುವುದು, ಮುಗಿದದ್ದು. ನಡುವಿನ ಸಾಲಿನಲ್ಲಿ ಹನ್ನೊಂದು ಚೀಟಿ. ಕಡೆಯ ಸಾಲು ಬರಿಗೋಡೆ. “ಹನ್ನೊಂದು ನಡದಾವ, ಒಂದೂ ಮುಗದಿಲ್ಲ” ಎಂದು ಓದಿದ, ಅಷ್ಟೆ. ಎರಡು ವಾರದಲ್ಲಿ ಒಬ್ಬ ರೈತನಿಗೆ ಏನು ತೋರಿಸಬಲ್ಲಿರಿ ಎಂದು ಕೇಳಿದ. ದಿನಾ ಮುಂಜಾನೆ ನಿಂತುಕೊಂಡೇ ಹದಿನೈದು ನಿಮಿಷ ಮಾತಾಡಿಕೊಳ್ಳಿರೆಂದು ಹೇಳಿ ಹೋದ.

ತೋರಿಸಿದ್ದು ನಮ್ಮ ಪಕ್ಕದ ಮನೆಯ ಕಾಕಾನಿಗೆ. ಕಡಿತದ ತಾರೀಖನ್ನು ಲೆಕ್ಕ ಹಾಕಿ ಹೇಳುವ ಭಾಗವದು, ಇದ್ದುದರಲ್ಲಿ ಸಿದ್ಧವಾಗಿದ್ದುದು. ಕಾಕಾ ಚಾಳೀಸು ಏರಿಸಿ ನೋಡಿದ. “ತಾರೀಖು ತಗೊಂಡು ಏನ್ ಮಾಡ್ಲೆಪಾ? ಗ್ಯಾಂಗ್ ಈಗ ಯಾರ ಹೊಲದಾಗ ಐತಿ, ನನ್ನ ಮುಂದ ಎಷ್ಟು ಮಂದಿ ಅದಾರ, ಅಷ್ಟು ಹೇಳ್ರಿ ಸಾಕು” ಎಂದ. ಮೂರು ತಿಂಗಳ ಲೆಕ್ಕಾಚಾರ ಒಂದು ಮಾತಿನಲ್ಲಿ ಹಾರಿಹೋಯಿತು. ಹುಡುಗರ ಮುಖ ನೋಡಲಾರದೆ ನಾನು ಕಬ್ಬಿನ ಕಡೆ ನೋಡಿದೆ.

ಅದೇ ವಾರದ ಕೊನೆಗೆ ಶಿಷ್ಯ ಮತ್ತೆ ಬಂದ. ‘ಹಿನ್ನೋಟ’ದ ಕೂಟವಂತೆ. ಯಾವುದು ನೆಟ್ಟಗಾಯಿತು, ಯಾವುದು ಆಗಲಿಲ್ಲ, ಮುಂದಿನ ಎರಡು ವಾರಕ್ಕೆ ಯಾವುದೊಂದನ್ನು ಬದಲಿಸೋಣ ಎಂದು ಕೇಳಿ ಸುಮ್ಮನಾದ. ಯಾರೂ ಮಾತಾಡಲಿಲ್ಲ. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಇಪ್ಪತ್ತು ವರ್ಷ ಪಾಠ ಹೇಳಿದ ಬಾಯಿ ನನ್ನದು, ತಡೆಯದೆ ತೆರೆದೆ. ಅವನು ನನ್ನ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟ. ಮುಚ್ಚಿದೆ.

ಬಹಳ ಹೊತ್ತಿನ ಮೇಲೆ, ಐವರಲ್ಲಿ ತೀರ ಮೆತ್ತಗಿನ ಹುಡುಗ, ಗೋಕಾಕದ ಕಡೆಯವನು, ನೆಲ ನೋಡುತ್ತ ಹೇಳಿದ: “ಮುಂಜಾನಿ ಕೂಟ ಇಂಗ್ಲಿಷಿನ್ಯಾಗ ನಡಸ್ತೇವ್ರಿ. ನನಗ ಕೆಲಸ ಬರ್ತೈತಿ, ಹೇಳಾಕ ಬರಂಗಿಲ್ಲ. ಎಲ್ಲಿ ಸಿಕ್ಕೊಂಡೇನಿ ಅಂತ ಹೇಳಾಕ ಬರಲಾರದ್ದಕ್ಕ, ಎಲ್ಲಾ ಮುಗದೈತಿ ಅಂತಿದ್ದೆ.”

ಉಳಿದ ನಾಲ್ವರ ಕೆಲಸ ನಿಂತದ್ದು ಅವನ ಪಾಲಿಗಾಗಿಯೇ. ಇಂಗ್ಲಿಷು ಇಟ್ಟದ್ದು ಕೆಟ್ಟ ಮನಸ್ಸಿನಿಂದಲ್ಲ. ನೌಕರಿಯ ಸಂದರ್ಶನಕ್ಕೆ ನಾಲಗೆ ಪಳಗಲೆಂದು. ಮನೆಯಲ್ಲಿ ಮರಾಠಿ ಮಾತಾಡುವ ಹುಡುಗನೇ ಮೊದಲು ಬಾಯಿ ಬಿಟ್ಟ: “ನಾಳಿಂದ ಕನ್ನಡದಾಗ ಮಾತಾಡೂಣು. ನನ್ನ ಕನ್ನಡಾ ಕೇಳಿ ಯಾರೂ ನಗಬಾರದು.” ನನ್ನ ತರಗತಿಯಲ್ಲಿ ಅವನ ಕನ್ನಡಕ್ಕೆ ಮೊದಲು ನಕ್ಕವನು ಯಾರೆಂದು ಇಲ್ಲಿ ಬರೆಯಲಾರೆ.

ಕುಲಗೋಡ ತಮ್ಮಣ್ಣನ ಕಾಲದಿಂದ ಗೋಕಾಕ ಸೀಮೆಯಲ್ಲಿ ಬೆಳೆದ ಶ್ರೀಕೃಷ್ಣ ಪಾರಿಜಾತವನ್ನು ನೋಡಿದವರಿಗೆ ಭಾಗವತನ ಪರಿಚಯವುಂಟು. ರಂಗದ ಮೇಲೆಯೇ ನಿಂತು, ಬಂದ ಪಾತ್ರವನ್ನು ‘ನೀ ಯಾರು, ಯಾಕ ಬಂದಿ’ ಎಂದು ಕೇಳಿ, ಅದರ ಕಥೆಯನ್ನು ಅದರ ಬಾಯಿಂದಲೇ ಹೊರಡಿಸುತ್ತಾನೆ. ಇದನ್ನು ಹೇಳಿದಾಗ ಶಿಷ್ಯ ಹಿಗ್ಗಿದ. ಆದರೆ ಬೆಂಗಳೂರಿನಲ್ಲಿ ಎಲ್ಲ ಕಡೆಗೂ ಹೀಗಿಲ್ಲವೆಂದೂ ಒಪ್ಪಿಕೊಂಡ. ಕೂಟದಲ್ಲಿ ಮೇಲಧಿಕಾರಿ ಬಂದು ಕುಳಿತರೆ ಅದು ಹಾಜರಿ ತೆಗೆದುಕೊಳ್ಳುವ ಹೊತ್ತಾಗುತ್ತದೆ. ಚೀಟಿಯ ಲೆಕ್ಕದಿಂದ ಜನರನ್ನು ಅಳೆಯತೊಡಗಿದರೆ ಚೀಟಿಗಳು ಸುಳ್ಳು ಹೇಳತೊಡಗುತ್ತವೆ. “ಆವಾಗ ನಾ ಇದ್ದೂ ಉಪಯೋಗಿಲ್ರಿ ಸರ್” ಎಂದ.

ಮರುವಾರ ನನಗೊಂದು ಹುಚ್ಚು ಹತ್ತಿತು. ನನ್ನ ತರಗತಿಯಲ್ಲಿ ಹೆಸರಿಲ್ಲದ ಚೀಟಿ ಹಂಚಿ, ನಾನು ಏನನ್ನು ಬಿಡಬೇಕು ಬರೆಯಿರಿ ಎಂದೆ. ಹೆಚ್ಚಿನವರು ‘ಏನೂ ಇಲ್ಲ’ ಎಂದು ಸೌಜನ್ಯ ತೋರಿದ್ದರು. ಒಂದರಲ್ಲಿ ಮಾತ್ರ ದುಂಡಗಿನ ಅಕ್ಷರದಲ್ಲಿ: ‘ಪ್ರಶ್ನೆ ಕೇಳಿ ಉತ್ತರವನ್ನೂ ನೀವೇ ಹೇಳುತ್ತೀರಿ.’

ಆ ರಾತ್ರಿ ನಿದ್ದೆ ಬರಲಿಲ್ಲ. ಮಾಳಿಗೆಯ ಮೇಲೆ ಸದ್ದೂ ಇರಲಿಲ್ಲ, ಬೈಯಲು. ಮರುದಿನ ಒಂದು ಪ್ರಶ್ನೆ ಕೇಳಿ ಮನಸ್ಸಿನಲ್ಲಿಯೇ ಎಣಿಸುತ್ತ ನಿಂತೆ. ಏಳಕ್ಕೆ ಬಂದಾಗ ನಾಲಗೆ ತುದಿಗೆ ಉತ್ತರ ಬಂದಿತ್ತು. ಕಚ್ಚಿ ಹಿಡಿದೆ. ಹನ್ನೆರಡಕ್ಕೆ ಹಿಂದಿನ ಬಾಕಿನಿಂದ ಒಂದು ಹುಡುಗಿ ಎದ್ದು ನಿಂತು, “ತಪ್ಪಾದರ ಬೈಬ್ಯಾಡ್ರಿ ಸರ್” ಎಂದು ಶುರುಮಾಡಿದಳು.